ಬೈಯೋಕೆ ಮೊದ್ಲು ತಾರೀಖು ನೋಡ್ರಪ್ಪ

ನಮ್ಮಕ್ಕನ ಮಗ ಒಬ್ಬಿದಾನೆ, ಇಲ್ಲೇ ಕೋಲಾರದಲ್ಲಿ ಇಂಜಿನಿಯರಿಂಗ್ ಓದ್ತಾನೆ. 2026ರ ಜನವರೀಲಿ ಒಂದಿನ ಬೆಳಗಿನ ಜಾವ ಐದೂವರೆಗೆ ಫೋನ್ ಮಾಡಿ "ಮಾಮ, ಹೋದ್ಲು ಮಾಮ, ಕೊನೆಗೂ ಹೋದ್ಲು" ಅಂದ. ಆ ಹೊತ್ತಲ್ಲಿ ಫೋನ್ ಬಂದ್ರೆ ನಮ್ ಕಡೆ ಏನಂದ್ಕೊತಾರೆ ಹೇಳಿ. ನಾನು ಎದ್ದು ಲೈಟ್ ಹಾಕಿ, ಹೆಂಡ್ತೀನೂ ಎದ್ದು ಕೂತು, ಯಾವ ಅಜ್ಜಿ ಇರಬೋದು ಅಂತ ಮನಸ್ಸಲ್ಲೇ ಲೆಕ್ಕ ಹಾಕ್ತಿದೀನಿ, ಕೇಳಿದ್ರೆ ಕ್ಯಾಥ್ಲೀನ್ ಕೆನಡಿ ಅಂತೆ. ಲ್ಯೂಕಾಸ್‌ಫಿಲ್ಮ್ ಪ್ರೆಸಿಡೆಂಟ್. ಸ್ಟಾರ್ ವಾರ್ಸ್ ಸಿನಿಮಾ ಮಾಡೋ ಕಂಪನಿ ಯಜಮಾನ್ತಿ, ಆ ಸಿನಿಮಾಗಳು ಕೆಟ್ಟಿದ್ದಕ್ಕೆಲ್ಲ ಈ ಹುಡುಗ್ರು ಬೈಯೋದು ಈಯಮ್ಮನ್ನೇ. ಅಮೇರಿಕದಲ್ಲಿ ಅವ್ರು ಸೀಟು ಬಿಟ್ಟಿದ್ದಕ್ಕೆ ಕೋಲಾರದಲ್ಲಿ ನನ್ ನಿದ್ದೆ ಹೋಯ್ತು.

ಮೊದ್ಲು "ಹೋದ್ರು ಅನ್ನು, ಎಪ್ಪತ್ತು ದಾಟಿದ ಹೆಂಗಸು" ಅಂತ ಗದರಿಸಿ ಫೋನ್ ಇಟ್ಟೆ. ಸಾಯಂಕಾಲ ಕ್ಲಾಕ್ ಟವರ್ ಹತ್ರ ಟೀಗೆ ಸಿಕ್ಕಿದ್ರೆ ಅವ್ನ ಜೊತೆ ಇನ್ನೂ ಮೂರು ಹುಡುಗ್ರು, ಜೋರು ಚರ್ಚೆ. ಒಬ್ಬ "ಇನ್ಮೇಲೆ ಎಲ್ಲಾ ಸರಿ ಹೋಗುತ್ತೆ, ಕೆನಡಿ ಜಾಗಕ್ಕೆ ಡೇವ್ ಫಿಲೋನಿ ಬಂದಿದಾನೆ, ಈ ಮೇ ತಿಂಗಳ ಪಿಕ್ಚರ್ ನೋಡಿ ಹೆಂಗಿರುತ್ತೆ" ಅಂತಾನೆ. ಇನ್ನೊಬ್ಬ "ಅಂಕಲ್ ಸಿನಿಮಾದವ್ರು, ಅಂಕಲ್‌ನೇ ಕೇಳ್ರೋ" ಅಂತಾನೆ. ಕೇಳ್ತಾರೆ, ಆದ್ರೆ ಉತ್ತರ ಪೂರ್ತಿ ಕೇಳಿಸ್ಕೊಳ್ಳಲ್ಲ, ಅದಕ್ಕೇ ಬರೀತಿದೀನಿ.

ನಾನಿರೋದು ಪೋಸ್ಟ್ ಪ್ರೊಡಕ್ಷನ್ ಕಡೆ. ಎಡಿಟಿಂಗ್ ಟೇಬಲ್‌ನಿಂದ ಸೆನ್ಸಾರ್ ತನಕ ಸಿನಿಮಾನ ಹೊತ್ಕೊಂಡು ತಿರುಗೋ ಕೂಲಿ ಅಂದ್ಕೊಳ್ಳಿ. ಇಪ್ಪತ್ತು ವರ್ಷದ ಮೇಲಾಯ್ತು, ವಾರಕ್ಕೆ ನಾಲ್ಕು ದಿನ ಬೆಂಗಳೂರು, ಮಿಕ್ಕಿದ್ದು ಇಲ್ಲಿ. ಹಾಲಿವುಡ್ ಸ್ಟುಡಿಯೋ ಒಳಗೆ ಕೂತು ನೋಡಿದವ್ನಲ್ಲ, ಅಲ್ಲಿನ ಮೀಟಿಂಗ್‌ನಲ್ಲಿ ಯಾರ್ಯಾರು ಏನೇನಂದ್ರು ಅಂತ ನಂಗೊತ್ತಿಲ್ಲ, ಅದೆಲ್ಲ ಗೊತ್ತಿರೋರ ಥರ ಮಾತಾಡೋರನ್ನ ನಂಬಲೂಬೇಡಿ. ಆದ್ರೆ ಸಿನಿಮಾ ಅನ್ನೋ ವಸ್ತು ತಯಾರಾಗೋ ರೀತಿ ಎಲ್ಲಾ ಕಡೆ ಒಂದೇ, ಅಲ್ಲಿ ದುಡ್ಡು ಜಾಸ್ತಿ, ಟೈಮು ಜಾಸ್ತಿ, ಅಷ್ಟೇ.

ಫ್ಯಾನ್ಸ್‌ಗೆ ನಾನು ಎಷ್ಟು ಸಲ ಹೇಳಿದ್ರೂ ತಲೆಗೆ ಹೋಗ್ದೆ ಇರೋದು ಒಂದೇ ಒಂದು ವಿಷಯ. ನೀವು ಇವತ್ತು ಥಿಯೇಟರ್‌ನಲ್ಲಿ ನೋಡ್ತಿರೋ ಸಿನಿಮಾಗೆ ಹೂಂ ಅಂದಿದ್ದು ಇವತ್ತು ಕುರ್ಚೀಲಿ ಕೂತಿರೋರಲ್ಲ. ಮೂರು ವರ್ಷದ ಹಿಂದೆ ಕೂತಿದ್ದೋರು, ದೊಡ್ಡ ಕಂಪ್ಯೂಟರ್ ಗ್ರಾಫಿಕ್ಸ್ ಸಿನಿಮಾ ಆದ್ರೆ ಇನ್ನೂ ಹಿಂದೆ. ಹೊಸಬ್ರು ಬಂದ ಮಾರನೇ ವರ್ಷ ಒಂದು ಹಿಟ್ ಆಯ್ತು ಅಂದ್ರೆ ಅದು ಹಳೇಬ್ರ ಹಿಟ್ಟು. ಫ್ಲಾಪ್ ಆಯ್ತು ಅಂದ್ರೆ ಅದೂ ಹಳೇಬ್ರದೇ. ನಮ್ ಶ್ರೀನಿವಾಸಪುರದವ್ರಿಗೆ ಇದನ್ನ ಹೇಳಿಕೊಡೋದೇ ಬೇಡ, ಮಾವಿನ ಸಸಿ ನೆಟ್ಟೋನು ಒಬ್ಬ, ನಾಲ್ಕೈದು ವರ್ಷಕ್ಕೆ ಹಣ್ಣು ಬಿಡೋ ಹೊತ್ತಿಗೆ ತೋಟ ಗುತ್ತಿಗೆ ಹಿಡಿದಿರೋನು ಇನ್ನೊಬ್ಬ. ಹಣ್ಣು ಹುಳಿ ಅಂತ ಗುತ್ತಿಗೆದಾರನ್ನ ಬೈತಾರಾ ಯಾರಾದ್ರೂ? ಔಷಧಿ ಹೊಡೀಲಿಲ್ಲ ಅಂತ ಬೈಬೋದು. ತಳಿ ಅವ್ನು ಆರಿಸಿದ್ದಲ್ವಲ್ಲ.

ಇದನ್ನ ಹೇಳಿದ್ರೆ ಹುಡುಗ್ರು "ಹೊಸಬ್ರು ಬಂದ್ಮೇಲೆ ಚೇಂಜ್ ಮಾಡಬೋದಲ್ವಾ ಅಂಕಲ್" ಅಂತಾರೆ. ಮಾಡಬೋದು. ಸ್ಕ್ರಿಪ್ಟ್ ಹಂತದಲ್ಲಿ ಏನು ಬೇಕಾದ್ರೂ ಮಾಡಬೋದು, ಖರ್ಚಾಗೋದು ಪೇಪರ್ ಮಾತ್ರ. ಕಲಾವಿದ್ರ ಡೇಟ್ ತಗೊಂಡು ಅಡ್ವಾನ್ಸ್ ಕೊಟ್ಮೇಲೆ ಅರ್ಧ ಕಟ್ಟಿ ಹಾಕಿದಂಗೆ. ಸೆಟ್ ಎದ್ದ ಮೇಲೆ ಮುಕ್ಕಾಲು. ಶೂಟಿಂಗ್ ಮುಗಿಸಿ ಕುಂಬಳಕಾಯಿ ಒಡೆದಾದ್ಮೇಲೆ ಕೈಯಲ್ಲಿ ಉಳಿಯೋದು ಏನು ಹೇಳಿ? ಶೂಟ್ ಆಗಿರೋದನ್ನ ಕತ್ತರಿಸೋದು, ಹಿಂದೆ ಮುಂದೆ ಮಾಡೋದು, ಕಲಾವಿದ್ರು ಬೆನ್ನು ತಿರುಗಿಸಿರೋ ಶಾಟ್ ಹುಡುಕಿ ಅದ್ರ ಮೇಲೆ ಡಬ್ಬಿಂಗ್‌ನಲ್ಲಿ ಹೊಸ ಡೈಲಾಗ್ ಕೂರಿಸೋದು, ಕೊನೆಗೆ ಪ್ಯಾಚ್ ವರ್ಕ್, ಅಂದ್ರೆ ಬೇಕಾದ ತುಂಡುಗಳನ್ನ ಮಾತ್ರ ಮತ್ತೆ ಶೂಟ್ ಮಾಡಿ ಸೇರಿಸೋದು.

ಪ್ಯಾಚ್ ವರ್ಕ್ ಅಂದ ತಕ್ಷಣ ನಂಗೆ ಗಡ್ಡ ನೆನಪಾಗುತ್ತೆ. ಒಂದು ಪಿಕ್ಚರ್‌ದು, ಹೆಸರು ಬೇಡ, ಕ್ಲೈಮ್ಯಾಕ್ಸ್ ಎರಡು ದಿನ ಪ್ಯಾಚ್ ತೆಗೀಬೇಕಾಯ್ತು, ಅಷ್ಟರಲ್ಲಿ ಹೀರೋ ಮುಂದಿನ ಪಿಕ್ಚರ್‌ಗೆ ಅಂತ ಗಡ್ಡ ಬೋಳಿಸಿಬಿಟ್ಟಿದ್ರು. ಕೆಜಿಎಫ್ ಸೈನೈಡ್ ದಿಬ್ಬದ ಹತ್ರ ಶೂಟು, ಬಿಸಿಲು, ಗಾಳಿ, ಅಂಟಿಸಿದ ಗಡ್ಡದ ಅಂಚಲ್ಲಿ ಬೆವರು ಇಳಿದು ಬಿಳಿ ಧೂಳು ಕೂತ್ಕೊಳ್ಳೋದು, ಮೇಕಪ್‌ನವ್ರು ಪ್ರತಿ ಟೇಕ್‌ಗೂ ಓಡಿ ಬಂದು ಬೆರಳಲ್ಲಿ ಒತ್ತಿ ಹೋಗೋರು. ಆಮೇಲೆ ಡಿಐ, ಅಂದ್ರೆ ಬಣ್ಣ ಬೆಳಕು ತಿದ್ದೋ ಕೆಲ್ಸ, ಮಾಡ್ಬೇಕಾದ್ರೆ ದೊಡ್ಡ ಸ್ಕ್ರೀನ್‌ನಲ್ಲಿ ಕಿವಿ ಕೆಳಗೆ ಒಂದು ಗೆರೆ, ಪೋಸ್ಟರ್ ಎದ್ದಂಗೆ. ಕಲರಿಸ್ಟ್ ನನ್ ಮುಖ ನೋಡಿದ, ನಾನು ಅವ್ನ ಮುಖ ನೋಡ್ದೆ, "ಕತ್ಲೆ ಮಾಡಪ್ಪ" ಅಂದೆ. ಜನ ಆಮೇಲೆ ಕ್ಲೈಮ್ಯಾಕ್ಸ್ ಯಾಕಿಷ್ಟು ಕತ್ಲೆ, ಕ್ಯಾಮೆರಾಮನ್‌ಗೆ ಲೈಟಿಂಗ್ ಬರಲ್ಲ ಅಂತ ಬರೆದ್ರು. ಪಾಪ ಕ್ಯಾಮೆರಾಮನ್. ಅದು ನನ್ ತಪ್ಪು, ಇಲ್ಲಿ ಒಪ್ಕೊಂಡಿದೀನಿ. ದೊಡ್ಡೋರಿಗೂ ತಪ್ಪಿದ್ದಲ್ಲ, 2017ರ ಜಸ್ಟಿಸ್ ಲೀಗ್‌ನಲ್ಲಿ ರೀಶೂಟ್ ಹೊತ್ತಿಗೆ ಸೂಪರ್‌ಮ್ಯಾನ್ ಪಾತ್ರದ ಹೆನ್ರಿ ಕ್ಯಾವಿಲ್ ಬೇರೆ ಸಿನಿಮಾಗೆ ಮೀಸೆ ಬಿಟ್ಟಿದ್ರು, ತೆಗೆಯಂಗಿಲ್ಲ, ಕಂಪ್ಯೂಟರ್‌ನಲ್ಲಿ ಅಳಿಸಿದ್ರು, ಮೇಲ್ತುಟಿ ಹೆಂಗಾಗಿತ್ತು ಅಂತ ನೋಡಿದವ್ರಿಗೆ ಗೊತ್ತು.

ಸರಿ, ಕೆನಡಿ ವಿಷಯಕ್ಕೆ ಬರ್ತೀನಿ. ಟೀ ಅಂಗಡೀಲೇ ಯಾವುದೋ ಮದುವೆ ಇನ್ವಿಟೇಷನ್ ಹಿಂದೆ ನಾನು ಬರೆದು ತೋರಿಸ್ದೆ. 2012ರ ಅಕ್ಟೋಬರ್‌ನಲ್ಲಿ ಡಿಸ್ನಿ ಈ ಕಂಪನೀನ 405 ಕೋಟಿ ಡಾಲರ್‌ಗೆ ತಗೊಳ್ತೀವಿ ಅಂತ ಹೇಳ್ತು. ಅದಕ್ಕೆ ಕೆಲವೇ ತಿಂಗಳ ಮುಂಚೆ ಜಾರ್ಜ್ ಲ್ಯೂಕಾಸ್ ತಾವೇ ಕರ್ಕೊಂಡ್ ಬಂದಿದ್ದು ಈಯಮ್ಮನ್ನ, ಯಾರೋ ಆಫೀಸಿಂದ ಹೇರಿದ್ದಲ್ಲ. 2015ರ ಡಿಸೆಂಬರ್‌ನಲ್ಲಿ ಡಿಸ್ನಿ ಕಾಲದ ಮೊದಲನೇ ಸ್ಟಾರ್ ವಾರ್ಸ್ ಬಂತು, 200 ಕೋಟಿ ಡಾಲರ್ ದಾಟ್ತು. 2017ರ ಡಿಸೆಂಬರ್‌ನಲ್ಲಿ ಲಾಸ್ಟ್ ಜೆಡೈ, ಅಲ್ಲಿಂದ ಫ್ಯಾನ್ಸ್ ಜಗಳ ಶುರು. ಐದೇ ತಿಂಗಳಿಗೆ, 2018ರ ಮೇನಲ್ಲಿ, ಸೋಲೋ ಅಂತ ಇನ್ನೊಂದು ಸ್ಟಾರ್ ವಾರ್ಸ್. ಅದು ಮಲಗಿಬಿಡ್ತು, 39 ಕೋಟಿ ಡಾಲರ್ ಚಿಲ್ಲರೆ ಅಷ್ಟೇ ಬಂದಿದ್ದು, ಅವ್ರ ಖರ್ಚಿಗೆ ಅದು ಏನೇನೂ ಸಾಲದು.

ಈಗ ಬೈಯೋದಾದ್ರೆ ಇಲ್ಲಿ ಬೈರಪ್ಪ, ನಾನು ಬೇಡ ಅನ್ನಲ್ಲ. ಸೋಲೋ ಡೈರೆಕ್ಟರ್‌ಗಳು ಇಬ್ಬರನ್ನ 2017ರ ಜೂನ್‌ನಲ್ಲಿ, ಶೂಟಿಂಗ್ ತಿಂಗಳುಗಟ್ಟಲೆ ನಡೆದಾದ್ಮೇಲೆ, ತೆಗೆದು ರಾನ್ ಹೋವರ್ಡ್‌ನ ಕೂರಿಸಿದ್ರು. ಅದು ಹೆಡ್ ಮಾಡೋ ತೀರ್ಮಾನ, ಖಾತೆ ಕೆನಡಿದೇ. ಒಂಬತ್ತನೇ ಭಾಗದ ಡೈರೆಕ್ಟರ್ ಕಾಲಿನ್ ಟ್ರೆವೊರೊ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಹೊರಗೆ, ಅದೂ ಅದೇ ಖಾತೆಗೆ. ಆದ್ರೆ ಅಷ್ಟು ಬೇಗ ಬೇಗ ಸಿನಿಮಾ ಬಿಟ್ಟಿದ್ದು? 2018ರಲ್ಲಿ ಡಿಸ್ನಿ ಬಾಸ್ ಬಾಬ್ ಐಗರ್ ಖುದ್ದು ಹೇಳಿದಾರೆ, ಟೈಮಿಂಗ್ ತೀರ್ಮಾನ ನಂದು, ಜಾಸ್ತಿ ಆಯ್ತು, ಬೇಗ ಆಯ್ತು, ತಪ್ಪು ನಂದೇ ಅಂತ. ಅಷ್ಟು ಬಾಯ್ಬಿಟ್ಟು ಹೇಳೋ ಯಜಮಾನ್ರು ನಮ್ ಗಾಂಧಿನಗರದಲ್ಲಂತೂ ನಂಗೆ ಸಿಕ್ಕಿಲ್ಲ. ಇಷ್ಟಾದ್ರೂ ಹುಡುಗ್ರು ಬೈಯೋದು ಕೆನಡೀನೇ. ಹೆಂಗಸು ಅನ್ನೋದೂ ಸ್ವಲ್ಪ ಇದೆ ಇದ್ರಲ್ಲಿ, ಸುಮ್ನೆ ಯಾಕೆ ಮುಚ್ಚಿಡೋದು.

ಇನ್ನೊಂದು ಕೇಳಿ. ಇದೇ ಹುಡುಗ್ರು ಸ್ಟಾರ್ ವಾರ್ಸ್‌ನವ್ರದೇ ಆಂಡೋರ್ ಸೀರೀಸ್ ಅಂದ್ರೆ ಎದ್ದು ನಿಂತು ಸಲಾಂ ಹೊಡೀತಾರೆ. ಅದನ್ನ ಮಾಡಿದ ಟೋನಿ ಗಿಲ್ರಾಯ್‌ನ 2016ರಲ್ಲಿ ರೋಗ್ ಒನ್ ಅನ್ನೋ ಸ್ಟಾರ್ ವಾರ್ಸ್ ಸಿನಿಮಾ ರಿಪೇರಿಗೆ ಕರೆಸಿದ್ದು ಯಾರ ಕಾಲದಲ್ಲಿ? ಆಮೇಲೆ ಆಂಡೋರ್ ಕೈಗೆ ಕೊಟ್ಟಿದ್ದು ಯಾರ ಕಾಲದಲ್ಲಿ? ನಮ್ಮಕ್ಕನ ಮಗ ಸುಮ್ಮನಾದ. "ಅದು ಗಿಲ್ರಾಯ್ ಟ್ಯಾಲೆಂಟ್ ಮಾಮ" ಅಂದ. ಚೆನ್ನಾಗಾಗಿದ್ದೆಲ್ಲ ಡೈರೆಕ್ಟರ್ ಟ್ಯಾಲೆಂಟು, ಕೆಟ್ಟಿದ್ದೆಲ್ಲ ಮೇಡಂ ಕೈವಾಡ. ಒಳ್ಳೇ ಲೆಕ್ಕ.

ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್ ಸಿನಿಮಾ ಮಾಡೋ ಡಿಸಿ ಸ್ಟುಡಿಯೋ ಕಡೆ ಇದು ಇನ್ನೂ ಚೆನ್ನಾಗಿ ಕಾಣುತ್ತೆ. ಜೇಮ್ಸ್ ಗನ್ ಮತ್ತೆ ಪೀಟರ್ ಸಫ್ರಾನ್ ಚಾರ್ಜ್ ತಗೊಂಡಿದ್ದು 2022ರ ನವೆಂಬರ್ 1ಕ್ಕೆ. 2023ರಲ್ಲಿ ಶಝಾಮ್, ಫ್ಲ್ಯಾಶ್, ಬ್ಲೂ ಬೀಟಲ್, ಅಕ್ವಾಮನ್ ಅಂತ ನಾಲ್ಕು ಬಂದ್ವು, ಒಂದಾದ್ಮೇಲೆ ಒಂದು ಸೋತ್ವು, ಜನ ಗನ್‌ಗೆ ಬೈದ್ರು. ನಾಲ್ಕೂ ಅವ್ರು ಬರೋಕೆ ಮುಂಚೇನೇ ಶೂಟ್ ಆಗಿದ್ದ ಸಿನಿಮಾ. ಗನ್ ತಾವೇ ಶುರು ಮಾಡಿದ ಮೊದಲನೇ ಪಿಕ್ಚರ್ ಸೂಪರ್‌ಮ್ಯಾನ್, ಅದು ಬಂದಿದ್ದು 2025ರ ಜುಲೈ 11ಕ್ಕೆ. ಸೀಟಲ್ಲಿ ಕೂತು ಎರಡು ವರ್ಷ ಎಂಟು ತಿಂಗಳು. ಅಷ್ಟು ದಿನ ಮನುಷ್ಯ ಬೇರೇವ್ರ ಸಾಲಕ್ಕೆ ಬೈಸ್ಕೊಂಡ.

ಹೊಸಬ್ರು ಬಂದ ತಕ್ಷಣ ಒಂದು ಕೆಲ್ಸ ಮಾತ್ರ ಮಾಡಬೋದು, ನಿಲ್ಲಿಸೋದು. 2022ರ ಆಗಸ್ಟ್‌ನಲ್ಲಿ ಡಿಸಿ ಯಜಮಾನ್ರು ವಾರ್ನರ್ ಕಂಪನಿ ಹೊಸ ಮ್ಯಾನೇಜ್‌ಮೆಂಟು ಬ್ಯಾಟ್‌ಗರ್ಲ್‌ನ ಹಂಗೇ ಎತ್ತಿ ಬೀರುಗೆ ಹಾಕ್ತು, ಶೂಟ್ ಮುಗಿದಿದ್ದ ಸಿನಿಮಾ, ಸುಮಾರು 9 ಕೋಟಿ ಡಾಲರ್ ಸುರಿದಿದ್ರು. ಹಾರ್ಡ್ ಡಿಸ್ಕ್‌ನಲ್ಲಿ ಮಲಗಿರೋ ಸಿನಿಮಾ ಅಂದ್ರೆ ನನ್ನಂಥೋರಿಗೆ ಹೊಟ್ಟೆ ಉರಿಯುತ್ತೆ. ನನ್ ಬೀರೂನಲ್ಲೂ ಎರಡಿದಾವೆ, ಸ್ಕೆಚ್ ಪೆನ್ನಲ್ಲಿ ಹೆಸರು ಬರೆದು ಟೇಪ್ ಸುತ್ತಿರೋವು. ಆಯುಧಪೂಜೆ ದಿನ ಅವಕ್ಕೂ ಕುಂಕುಮ ಇಡ್ತೀನಿ.

ನನ್ ಮೇಲೇ ಬಂದಿದ್ದನ್ನ ಹೇಳಿಬಿಡ್ತೀನಿ. ಸುಮಾರು ವರ್ಷದ ಹಿಂದೆ ಒಂದು ಪಿಕ್ಚರ್‌ಗೆ ನನ್ನ ಎಕ್ಸಿಕ್ಯುಟಿವ್ ಪ್ರೊಡ್ಯೂಸರ್ ಅಂತ ಕರೆಸಿದ್ರು, ಮುಂಚೆ ಇದ್ದೋರು ಪ್ರೊಡ್ಯೂಸರ್ ಜೊತೆ ಬಾಟಾ (ದಿನಭತ್ಯೆ) ವಿಷಯಕ್ಕೆ ಕಿತ್ತಾಡ್ಕೊಂಡು ಹೋಗಿದ್ರು. ನಾನು ಕಾಲಿಟ್ಟಾಗ ಉಳಿದಿದ್ದು ಒಂದು ಹಾಡು, ಮೂರು ಸೀನು. ಕಥೆ ಆರಿಸಿದ್ದು, ಹುಡುಗೀನ ಹಾಕಿದ್ದು, ಹಳ್ಳಿ ಹುಡುಕಿದ್ದು ಎಲ್ಲಾ ಆಯಪ್ಪನೇ. ಪಿಕ್ಚರ್ ಓಡ್ತು. ಬಿಕೆಟಿ, ಅಂದ್ರೆ ಬೆಂಗಳೂರು ಕೋಲಾರ ತುಮಕೂರು ಏರಿಯಾದಲ್ಲಿ ಡಿಸ್ಟ್ರಿಬ್ಯೂಟರ್ ಹಾಕಿದ ದುಡ್ಡು ಬಂದು ಮೇಲೂ ಉಳೀತು. ಊರೋನು ಅಂತ ಇಲ್ಲಿ ಕೋಲಾರದಲ್ಲಿ ರಂಗಮಂದಿರಕ್ಕೆ ಕರೆದು ಮೈಸೂರು ಪೇಟ ತೊಡಿಸಿ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ರು. ಮೈಕ್ ಕೈಗೆ ಕೊಟ್ಟಾಗ ಅವ್ರ ಹೆಸರು ಹೇಳ್ಬೇಕಿತ್ತು, ನಾಲಿಗೆ ತುದಿಗೆ ಬಂದಿತ್ತು, ಮುಂದಿನ ಸಾಲಲ್ಲಿ ಪ್ರೊಡ್ಯೂಸರ್ ಕೂತಿದ್ರು, ನುಂಗ್ಕೊಂಡೆ. ರಾತ್ರಿ ಆಯಪ್ಪನದೇ ಫೋನು. "ಪೇಟ ಸೈಜ್ ಸರಿ ಹೋಯ್ತಾ ಅಣ್ಣಾ? ನನ್ ತಲೆ ಸ್ವಲ್ಪ ದಪ್ಪ" ಅಂದ್ರು ಅಷ್ಟೇ. ಆಮೇಲೆ ಇಬ್ರೂ ಬಹಳ ಹೊತ್ತು ನಕ್ವಿ, ಆದ್ರೆ ನನ್ ನಗು ಸುಳ್ಳು.

ಆವತ್ತಿಂದ ಒಂದು ಉದ್ದನೇ ಲೆಕ್ಕದ ಪುಸ್ತಕ ಇಟ್ಟಿದೀನಿ. ಯಾವ ತೀರ್ಮಾನ, ಯಾವ ತಾರೀಖು, ಯಾರು ಹೂಂ ಅಂದ್ರು. ಮೂರೇ ಕಾಲಂ. ಪ್ರೊಡ್ಯೂಸರ್‌ಗಳು ಅದನ್ನ ನೋಡಿದ್ರೆ ಮುಖ ಸಿಂಡರಿಸ್ತಾರೆ.

ಕೆನಡಿ ಮೇಲೆ ನಂಗೂ ಒಂದು ಸಿಟ್ಟಿದೆ, ಆದ್ರೆ ಅದನ್ನ ಯಾವ ಫ್ಯಾನೂ ನೆಟ್ಟಗೆ ಬೈಯಲ್ಲ. ಕಥೆ ಕೈಗೆ ಬರೋಕೆ ಮುಂಚೆ ಸಿನಿಮಾ ಅನೌನ್ಸ್ ಮಾಡೋದು. 2020ರ ಡಿಸೆಂಬರ್‌ನಲ್ಲಿ ರೋಗ್ ಸ್ಕ್ವಾಡ್ರನ್ ಅಂತ ಪ್ಯಾಟಿ ಜೆಂಕಿನ್ಸ್ ಕೈಲಿ ಮಾಡಿಸ್ತೀವಿ, 2023ರ ಡಿಸೆಂಬರ್‌ಗೆ ಬರುತ್ತೆ ಅಂದ್ರು. ಬರ್ಲಿಲ್ಲ. 2019ರ ಡಿಸೆಂಬರ್ ಆದ್ಮೇಲೆ ಆರು ವರ್ಷ ಒಂದು ಹೊಸ ಸ್ಟಾರ್ ವಾರ್ಸೂ ಥಿಯೇಟರ್‌ಗೆ ಬರ್ಲಿಲ್ಲ, ಅನೌನ್ಸ್ ಆಗಿದ್ದು ಮಾತ್ರ ರಾಶಿ. ನಮ್ಮಲ್ಲಿ ಹೀರೋ ಹುಟ್ಟಿದಬ್ಬಕ್ಕೆ ಟೈಟಲ್ ಪೋಸ್ಟರ್ ಬಿಡಲ್ವಾ, ಕೈಯಲ್ಲಿ ಮಚ್ಚು, ಹಿಂದೆ ಬೆಂಕಿ, ಕಥೆ ಎಲ್ಲಿ ಅಂತ ಕೇಳಿದ್ರೆ ಡೈರೆಕ್ಟರ್ ರೆಸಾರ್ಟ್‌ನಲ್ಲಿ ಕೂತು ಬರೀತಿದಾರೆ ಅಂತಾರೆ, ಅದೇ ಖಾಯಿಲೆ.

ಈಗ ಮೇ ತಿಂಗಳ ಪಿಕ್ಚರ್. ಮ್ಯಾಂಡಲೋರಿಯನ್ ಅಂಡ್ ಗ್ರೋಗು, 2026ರ ಮೇ 22 ಅಂತ ಡೇಟ್ ಹಾಕಿದ್ರು. ಅದ್ರ ಶೂಟ್ ಮುಗಿದಿದ್ದು 2024ರಲ್ಲಿ. ಆಮೇಲೆ ಸ್ಟಾರ್‌ಫೈಟರ್, 2027ರ ಮೇ 28. ಅದರದ್ದೂ ಶೂಟಿಂಗ್ 2025ರಲ್ಲೇ ಆಗೋಗಿದೆ. ಎರಡಕ್ಕೂ ಕೆನಡಿ ಪ್ರೊಡ್ಯೂಸರ್. ಫಿಲೋನಿ ಏನು ಆಕಾಶದಿಂದ ಉದುರಿದೋರಾ, 2005ರಿಂದ ಅದೇ ಕಂಪನೀಲಿದಾರೆ, ಮೊದಲನೇದಕ್ಕೆ ಕೆನಡಿ ಪಕ್ಕದಲ್ಲೇ ಅವ್ರ ಹೆಸರೂ ಇದೆ. ಅವ್ರಿಗೆ ಪ್ರೆಸಿಡೆಂಟ್ ಪಟ್ಟ ಸಿಕ್ಕಾಗ ಜೊತೆಗೆ ಲಿನ್ವೆನ್ ಬ್ರೆನನ್ ಅಂತ ಇನ್ನೊಬ್ಬ ಹೆಂಗಸು ಕೋ ಪ್ರೆಸಿಡೆಂಟ್ ಆಗಿದಾರೆ, ಅವ್ರ ಹೆಸರು ಟೀ ಅಂಗಡೀಲಿ ಒಬ್ರ ಬಾಯಲ್ಲೂ ಬರ್ಲಿಲ್ಲ. ದುಡ್ಡು ಕಾಸು, ವ್ಯವಹಾರ ನೋಡ್ಕೊಳ್ಳೋರು ಅವ್ರು. ನನ್ ಅನುಭವದಲ್ಲಿ ಸಿನಿಮಾ ಮುಗಿಸೋದು ಅಂಥೋರೇ.

ಇಷ್ಟೆಲ್ಲ ಇನ್ವಿಟೇಷನ್ ಹಿಂದೆ ತುಂಬಿತ್ತು, ಜಾಗ ಸಾಲ್ದೆ ವಧುವಿನ ಹೆಸರಿನ ಪಕ್ಕಕ್ಕೂ ಬಂದಿದ್ದೆ. ಟೀ ತಣ್ಣಗಾಗಿತ್ತು. ನಮ್ಮಕ್ಕನ ಮಗ ಅದನ್ನ ತಿರುಗಿಸಿ ತಿರುಗಿಸಿ ನೋಡಿ, ತುಂಬಾ ಸೀರಿಯಸ್ಸಾಗಿ ಕೇಳ್ದ.

"ಹಂಗಾದ್ರೆ ಮಾಮ, ಫಿಲೋನೀನ ಯಾವತ್ತಿಂದ ಬೈಬೋದು?"

"2027ರ ಮೇ 28 ದಾಟ್ಲಿ" ಅಂದೆ.

ಫೋನ್ ತೆಗೆದು ರಿಮೈಂಡರ್ ಹಾಕೊಂಡ. ಬೆಳಿಗ್ಗೆ ಐದೂವರೆಗೆ.