ಗುಳ್ಳೆ ಮಾಯ್ದರೂ ಉರಿ ಯಾಕೆ ಹೋಗಲ್ಲ?

ಸರ್ಪಸುತ್ತಿನ ಬಗ್ಗೆ ನಮ್ಮಲ್ಲಿ ಒಂದು ಮಾತಿದೆ. ಹಾವಿನ ತಲೆಯೂ ಬಾಲವೂ ಕೂಡಿಬಿಟ್ಟರೆ, ಅಂದರೆ ಗುಳ್ಳೆಗಳು ಮೈಯನ್ನು ಪೂರ್ತಿ ಒಂದು ಸುತ್ತು ಹಾಕಿಬಿಟ್ಟರೆ, ಮನುಷ್ಯ ಉಳಿಯಲ್ಲ. ಡಿಗ್ರಿ ಓದಿದವರೂ ಇದನ್ನು ದನಿ ತಗ್ಗಿಸಿ ಹೇಳುತ್ತಾರೆ. ಹಾಗೆ ಸುತ್ತಿದ್ದನ್ನು ಕಣ್ಣಾರೆ ನೋಡಿದ್ದೀರಾ ಅಂತ ಕೇಳಿ. ಇಲ್ಲ, ಯಾರೋ ಹೇಳಿದ್ದು ಅನ್ನುತ್ತಾರೆ. ನೋಡಿರುವುದು ಕಷ್ಟವೇ ಬಿಡಿ.

ಗುಳ್ಳೆ ಎದ್ದವರ ಮೈಯನ್ನು ಹತ್ತಿರದಿಂದ ಗಮನಿಸಿ. ಕೆಂಪಾದ ಚರ್ಮದ ಮೇಲೆ ನೀರು ತುಂಬಿದ ಸಣ್ಣ ಗುಳ್ಳೆಗಳು, ಗೊಂಚಲು ಗೊಂಚಲಾಗಿ. ಬೆನ್ನುಮೂಳೆಯ ಪಕ್ಕದಿಂದ ಶುರುವಾಗಿ, ಪಕ್ಕೆಯ ಗುಂಟ ಇಳಿದು, ಹೊಟ್ಟೆಯ ನಡುಮಧ್ಯಕ್ಕೆ ಬಂದು ಗಕ್ಕನೆ ನಿಂತುಬಿಡುತ್ತವೆ. ಆಚೆ ಬದಿಯ ಚರ್ಮಕ್ಕೆ ಏನೂ ಆಗಿರುವುದಿಲ್ಲ. ಯಾಕೆಂದರೆ ಬೆನ್ನುಹುರಿಯಿಂದ ಎಡಕ್ಕೊಂದು ಬಲಕ್ಕೊಂದು ಅಂತ 31 ಜೊತೆ ನರಗಳು ಹೊರಡುತ್ತವೆ. ಒಂದೊಂದು ನರಕ್ಕೆ ಚರ್ಮದ ಒಂದೊಂದು ಪಟ್ಟಿ ಸೇರಿದ್ದು. ಎಡಗಡೆ ನರದ ಪಟ್ಟಿ ಎಡಗಡೆಯೇ ಮುಗಿಯುತ್ತದೆ. ಸರ್ಪಸುತ್ತು ಸಾಮಾನ್ಯವಾಗಿ ಹಿಡಿಯುವುದು ಒಂದು ನರವನ್ನು, ಹೆಚ್ಚೆಂದರೆ ಅಕ್ಕಪಕ್ಕದ ಒಂದೆರಡನ್ನು. ಮೈಯ ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರಲ್ಲಿ ಅಪರೂಪಕ್ಕೆ ಎರಡೂ ಬದಿಗೆ ಬರುವುದುಂಟು. ಆಗಲೂ ಅಪಾಯ ಬರುವುದು ಆ ಶಕ್ತಿ ಕುಗ್ಗಿರುವುದರಿಂದ. ತಲೆ ಬಾಲ ಕೂಡುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಈ ಪಟ್ಟಿಗಳ ನಕ್ಷೆ ಬಿಡಿಸಲು ನೆರವಾಗಿದ್ದೂ ಇದೇ ರೋಗ. ಹೆನ್ರಿ ಹೆಡ್ ಮತ್ತು ಕ್ಯಾಂಪ್‌ಬೆಲ್ ಎಂಬ ವೈದ್ಯರು ಸರ್ಪಸುತ್ತು ಬಂದಿದ್ದ 21 ಮಂದಿಯ ಶವಪರೀಕ್ಷೆ ನಡೆಸಿ, ಗುಳ್ಳೆ ಎದ್ದ ಜಾಗಕ್ಕೂ ಬೆನ್ನುಹುರಿಯ ಪಕ್ಕದಲ್ಲಿರುವ ನರದ ಗಂಟಿಗೂ ತಾಳೆ ಹಾಕಿ 1900ರಲ್ಲಿ ಪ್ರಕಟಿಸಿದರು. ಹೆಡ್ ಅಲ್ಲಿಗೇ ಸುಮ್ಮನಾಗಲಿಲ್ಲ. ಸ್ಪರ್ಶ, ನೋವು ಇವೆಲ್ಲ ಹೇಗೆ ತಿಳಿಯುತ್ತವೆ ಅಂತ ನೋಡಲು 1903ರಲ್ಲಿ ತಮ್ಮ ಎಡಗೈಯ ನರವನ್ನೇ ಕತ್ತರಿಸಿಕೊಂಡು ಹೊಲಿಸಿಕೊಂಡರು! ಅದು ಮತ್ತೆ ಬೆಳೆಯುವ ತನಕ, ವರ್ಷಗಟ್ಟಲೆ, ಗೆಳೆಯ ರಿವರ್ಸ್ ಕೇಂಬ್ರಿಜ್‌ನಲ್ಲಿ ಆ ಕೈಗೆ ಸೂಜಿ ಚುಚ್ಚಿ, ಹತ್ತಿ ಸೋಕಿಸಿ, ಬಿಸಿ ತಣ್ಣಗೆ ಮುಟ್ಟಿಸಿ ಬರೆದಿಟ್ಟುಕೊಂಡರು. ವಿಷಯ ಬೇರೆ ಕಡೆ ಹೋಯ್ತು, ಆದರೆ ಇದನ್ನು ಹೇಳದೆ ಬಿಡಲು ಮನಸ್ಸಾಗಲಿಲ್ಲ.

ಆ ಗಂಟಿನೊಳಗೆ ಇರುವುದು ಚಿಕ್ಕಂದಿನಲ್ಲಿ ಬಂದಿದ್ದ 'ಅಮ್ಮ'. ಚಿಕನ್‌ಪಾಕ್ಸ್ ವಾಸಿಯಾದರೂ ಅದರ ವೈರಸ್ ಮೈ ಬಿಟ್ಟು ಹೋಗುವುದಿಲ್ಲ. ನರದ ಗಂಟುಗಳಲ್ಲಿ ಸೇರಿಕೊಂಡು ದಶಕಗಟ್ಟಲೆ ಸುಮ್ನೆ ಇರುತ್ತದೆ. ವಯಸ್ಸಾದಾಗ, ಕ್ಯಾನ್ಸರ್ ಚಿಕಿತ್ಸೆ ನಡೆಯುವಾಗ, ದೊಡ್ಡ ಪ್ರಮಾಣದ ಸ್ಟಿರಾಯ್ಡ್ ತೆಗೆದುಕೊಳ್ಳುವಾಗ ಯಾವುದೋ ಒಂದು ಗಂಟಿನಲ್ಲಿ ಎದ್ದುಬಿಡುತ್ತದೆ. ಈ ವಾದವನ್ನು ಗಟ್ಟಿಯಾಗಿ ಮುಂದಿಟ್ಟವರು ಇಂಗ್ಲೆಂಡಿನ ಸೈರನ್‌ಸೆಸ್ಟರ್ ಪೇಟೆಯ ಒಬ್ಬ ಸಾಮಾನ್ಯ ವೈದ್ಯ, ಎಡ್ಗರ್ ಹೋಪ್-ಸಿಂಪ್ಸನ್. 16 ವರ್ಷ ತಮ್ಮ ರೋಗಿಗಳಲ್ಲಿ ಕಂಡ ಒಂದೊಂದು ಸರ್ಪಸುತ್ತನ್ನೂ ಬರೆದಿಟ್ಟು 1965ರಲ್ಲಿ ಪ್ರಕಟಿಸಿದರು. ಹಾವನ್ನು ಹೊಡೆದಿದ್ದಕ್ಕೂ, ಹುತ್ತ ಅಗೆದಿದ್ದಕ್ಕೂ ಇಲ್ಲಿ ಏನೂ ಪಾತ್ರವಿಲ್ಲ.

ವೈರಸ್ ಗಂಟಿನಿಂದ ಹೊರಟು ನರದ ಗುಂಟ ಚರ್ಮಕ್ಕೆ ಇಳಿಯುತ್ತದೆ. ದಾರಿಯುದ್ದಕ್ಕೂ ನರ ಊದಿಕೊಳ್ಳುತ್ತದೆ. ಹಾಗಾಗಿ ಗುಳ್ಳೆ ಏಳುವ ಕೆಲವು ದಿನ ಮೊದಲೇ ನೋವು ಶುರು. ಎಡ ಎದೆಯಲ್ಲಿ ಬಂದರೆ ಇಸಿಜಿ ಮಾಡಿಸುತ್ತಾರೆ, ಪಕ್ಕೆಯಲ್ಲಿ ಬಂದರೆ ಕಿಡ್ನಿ ಕಲ್ಲು ಅಂತ ಸ್ಕ್ಯಾನ್. ಎಲ್ಲ ನಾರ್ಮಲ್. ಮನೆಗೆ ಬಂದು ಮೂರನೇ ದಿನ ಸ್ನಾನಕ್ಕೆ ಅಂಗಿ ಬಿಚ್ಚಿದಾಗ ಗುಳ್ಳೆ ಕಾಣುತ್ತದೆ.

ಎರಡರಿಂದ ನಾಲ್ಕು ವಾರದಲ್ಲಿ ಗುಳ್ಳೆ ಒಣಗಿ ಹಕ್ಕಳೆ ಉದುರುತ್ತದೆ. ಏನೂ ಮಾಡದಿದ್ದರೂ ಉದುರುತ್ತದೆ. ಕೆಮ್ಮಣ್ಣು ಹಚ್ಚಿದವರಿಗೂ, ಮಂತ್ರ ಹಾಕಿದವರಿಗೂ ಹೆಸರು ಬರುವುದು ಇದರಿಂದಲೇ. ಆದರೆ ಕೆಲವರಿಗೆ, ಅದರಲ್ಲೂ ವಯಸ್ಸಾದವರಿಗೆ, ಚರ್ಮ ಮಾಯ್ದ ಮೇಲೂ ಉರಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಉಳಿಯುತ್ತದೆ. ಫ್ಯಾನ್ ಗಾಳಿ ತಾಗಿದರೆ ಉರಿ. ಬನಿಯನ್ ಸೋಕಿದರೆ ಉರಿ. ಅಂಗಿಯನ್ನು ಎರಡು ಬೆರಳಲ್ಲಿ ಮೈಯಿಂದ ದೂರ ಎತ್ತಿ ಹಿಡಿದುಕೊಂಡೇ ಕೂತಿರುತ್ತಾರೆ. ವಿಚಿತ್ರ ಏನೆಂದರೆ, ಅದೇ ಪಟ್ಟಿಯಲ್ಲಿ ಕೆಲವು ಕಡೆ ಸೂಜಿ ಚುಚ್ಚಿದರೆ ಗೊತ್ತೇ ಆಗಲ್ಲ, ಹತ್ತಿಯ ಎಳೆ ಸೋಕಿದರೆ ಮಾತ್ರ ಪ್ರಾಣ ಹೋಗುತ್ತದೆ. ಮನೆಯವರು "ಗಾಯ ಒಣಗಿದೆಯಲ್ಲ ಅಜ್ಜಿ, ಇನ್ನೇನು ನೋವು ನಿಮ್ಮದು" ಅನ್ನುತ್ತಾರೆ. ಮಂತ್ರ ಹಾಕಿದವರು ದೋಷ ಪೂರ್ತಿ ಕಳೆದಿಲ್ಲ ಅನ್ನುತ್ತಾರೆ.

ನೋವು ಇದ್ದರೆ ಗಾಯ ಇರಲೇಬೇಕು ಅನ್ನುವ ನಂಬಿಕೆ ಇಲ್ಲಿ ಕೈಕೊಡುತ್ತದೆ. ಚರ್ಮದಿಂದ ಬೆನ್ನುಹುರಿಗೆ ಹೋಗುವ ನರದ ಎಳೆಗಳಲ್ಲಿ ದಪ್ಪನೆಯವೂ ಇವೆ, ತೆಳ್ಳಗಿನವೂ ಇವೆ. ದಪ್ಪ ಎಳೆಗಳು ಸ್ಪರ್ಶದ ಸುದ್ದಿಯನ್ನು ಸೆಕೆಂಡಿಗೆ 30 ಮೀಟರಿಗೂ ಜಾಸ್ತಿ ವೇಗದಲ್ಲಿ ಒಯ್ಯುತ್ತವೆ. ಉರಿಯ ಸುದ್ದಿ ತರುವ ತೆಳು ಎಳೆಗಳದ್ದು ಸೆಕೆಂಡಿಗೆ ಸುಮಾರು ಒಂದು ಮೀಟರ್ ವೇಗ. ಮೊಣಕಾಲು ಮಂಚಕ್ಕೆ ಬಡಿದರೆ ತಟ್ಟನೆ ಉಜ್ಜಿಕೊಳ್ಳುತ್ತೇವೆ, ಅಲ್ವಾ? ಉಜ್ಜಿದಾಗ ದಪ್ಪ ಎಳೆಗಳು ಚುರುಕಾಗಿ, ತೆಳು ಎಳೆಗಳ ಸುದ್ದಿಯನ್ನು ಬೆನ್ನುಹುರಿಯಲ್ಲೇ ಒಂದಿಷ್ಟು ತಡೆಯುತ್ತವೆ. ಆಮ್‌ಸ್ಟರ್‌ಡ್ಯಾಮಿನ ಶಸ್ತ್ರವೈದ್ಯ ವಿಲ್ಲೆಮ್ ನೂರ್ಡೆನ್‌ಬೋಸ್ ಸರ್ಪಸುತ್ತಿನ ನಂತರದ ಉರಿಯಿಂದ ನರಳುವವರ ನರಗಳನ್ನು ನೋಡಿದಾಗ, ದಪ್ಪ ಎಳೆಗಳೇ ಹೆಚ್ಚಾಗಿ ಹಾಳಾಗಿದ್ದವು. ತಡೆಯುವವರೇ ಇಲ್ಲ! 1959ರಲ್ಲಿ ಅವರು ಇದನ್ನು ಬರೆದರು. ಅದನ್ನು ಹಿಡಿದು ಮುಂದೆ ಹೋದ ಮೆಲ್ಜಾಕ್ ಮತ್ತು ವಾಲ್ ಎಂಬ ಸಂಶೋಧಕರು, ಬೆನ್ನುಹುರಿಯಲ್ಲಿ ನೋವಿಗೊಂದು ಗೇಟ್ ಇದೆ ಎಂಬ ಸಿದ್ಧಾಂತವನ್ನು ಪ್ರಕಟಿಸಿದರು. ಅದೂ 1965ರಲ್ಲೇ. ಸರ್ಪಸುತ್ತು ಎಲ್ಲಿಂದ ಬರುತ್ತದೆ ಅನ್ನುವುದೂ, ಅದರ ಉರಿಗೆ ತಡೆ ಯಾಕಿಲ್ಲ ಅನ್ನುವುದೂ ಒಂದೇ ವರ್ಷ ಅಚ್ಚಾದವು. ಅವರು ಬರೆದ ಚಿತ್ರದ ವಿವರಗಳು ಆಮೇಲೆ ತಿದ್ದುಪಡಿಯಾಗಿವೆ, ಆದರೆ ನೋವಿನ ಸುದ್ದಿ ಬೆನ್ನುಹುರಿಯಲ್ಲೇ ಏರಿಳಿಯುತ್ತದೆ ಅನ್ನುವುದು ಹಾಗೇ ನಿಂತಿದೆ.

ಇನ್ನೊಂದು ತೊಂದರೆಯೂ ಇದೆ. ಹಾಳಾದ ನರ ಚರ್ಮವನ್ನು ಯಾರೂ ಮುಟ್ಟದಿದ್ದರೂ ತಾನೇ ಸಿಡಿಯುತ್ತಿರುತ್ತದೆ. ಈ ಗಲಾಟೆಯನ್ನು ಕೇಳಿ ಕೇಳಿ ಬೆನ್ನುಹುರಿಯ ಕೋಶಗಳು ಅತಿ ಸೂಕ್ಷ್ಮವಾಗುತ್ತವೆ. ಊರಹಬ್ಬದ ಮೈಕ್‌ಸೆಟ್‌ನಲ್ಲಿ ವಾಲ್ಯೂಮ್ ಪೂರ್ತಿ ಏರಿಸಿಟ್ಟರೆ, ಮೈಕಿಗೆ ಬೆರಳು ತಾಗಿದ್ದೂ ಇಡೀ ಊರಿಗೆ ಕೇಳಿಸುತ್ತದಲ್ಲ, ಹಾಗೆ. ಬನಿಯನ್ ಸೋಕಿದ್ದು ಸೋಕಿದಷ್ಟೇ. ಏರಿರುವುದು ವಾಲ್ಯೂಮ್.

ಈಗ ಔಷಧಿಯ ಲೆಕ್ಕ ಅರ್ಥವಾಗುತ್ತದೆ. ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಗಳು ಗಾಯ, ಊತ ಇರುವ ಜಾಗದಲ್ಲಿ ಹುಟ್ಟುವ ಪ್ರೋಸ್ಟಾಗ್ಲಾಂಡಿನ್ ಎಂಬ ರಾಸಾಯನಿಕವನ್ನು ತಡೆಯುತ್ತವೆ. ತಪ್ಪು ಇರುವುದು ನರದಲ್ಲಿಯೇ ಆದ್ದರಿಂದ ಈ ಉರಿಗೆ ಅವು ಅಷ್ಟಾಗಿ ನಾಟುವುದಿಲ್ಲ. ಮೆಡಿಕಲ್ ಶಾಪಿನಿಂದ ತಂದು ದಿನಾ ನುಂಗಿದರೆ ಹೊಟ್ಟೆ, ಕಿಡ್ನಿ ಹಾಳು ಅಷ್ಟೇ. ಡಾಕ್ಟರು ಬರೆಯುವುದು ಗ್ಯಾಬಾಪೆಂಟಿನ್, ಪ್ರೀಗ್ಯಾಬಲಿನ್, ಅಥವಾ ರಾತ್ರಿ ಸಣ್ಣ ಡೋಸಿನ ಅಮಿಟ್ರಿಪ್ಟಿಲಿನ್. ಮೊದಲ ಎರಡು ನರಗಳ ಸಿಡಿತ ಇಳಿಸುತ್ತವೆ. ಮೂರನೆಯದು ಮಿದುಳಿನಿಂದ ಕೆಳಗಿಳಿದು ನೋವನ್ನು ತಡೆಯುವ ದಾರಿಗೆ ಬಲ ಕೊಡುತ್ತದೆ. ಅದು ಖಿನ್ನತೆಗೂ ಕೊಡುವ ಮಾತ್ರೆ. ಮನೆಯ ಯಾರೋ ಮೊಬೈಲಲ್ಲಿ ನೋಡಿ "ಇದು ತಲೆ ಕೆಟ್ಟವರ ಮಾತ್ರೆ" ಅಂತ ನಿಲ್ಲಿಸಿಬಿಡುತ್ತಾರೆ. ನಿಲ್ಲಿಸಬೇಡಿ. ಗುಣ ಕಾಣಲು ಕೆಲವು ವಾರ ಬೇಕು. ಮಂಪರು, ತಲೆಸುತ್ತು ಬರಬಹುದು, ವಯಸ್ಸಾದವರು ರಾತ್ರಿ ಬಚ್ಚಲಿಗೆ ಹೋಗುವಾಗ ಜೋಪಾನ.

ಮೆಣಸಿನಕಾಯಿಗೆ ಖಾರ ಕೊಡುವ ಕ್ಯಾಪ್ಸೈಸಿನ್ ಕೂಡ ಇಲ್ಲಿ ಔಷಧಿ. ಸುಮಾರು 43 ಡಿಗ್ರಿ ಬಿಸಿಗೆ ತೆರೆದುಕೊಳ್ಳುವ ನರತುದಿಯ ಬಾಗಿಲನ್ನೇ ಖಾರವೂ ತೆರೆಯುತ್ತದೆ. ಇದನ್ನು 1997ರಲ್ಲಿ ತೋರಿಸಿದ ಡೇವಿಡ್ ಜೂಲಿಯಸ್‌ಗೆ 2021ರ ನೊಬೆಲ್‌ನಲ್ಲಿ ಪಾಲು ಬಂತು. ಖಾರ ಒತ್ತೊತ್ತಿ ಬಿದ್ದರೆ ನರತುದಿ ದಣಿದು ಕೆಲಕಾಲ ಸುಮ್ಮನಾಗುತ್ತದೆ. ಅದಕ್ಕೇ ಮುಲಾಮು, ಪ್ಯಾಚ್ ಇವೆ. ಹಾಗಂತ ಬ್ಯಾಡಗಿ ಪುಡಿ ಕಲಸಿ ಹಚ್ಚಬೇಡಿ. ಗುಳ್ಳೆ ಹಸಿಯಾಗಿರುವಾಗ ಮುಲಾಮೂ ಬೇಡ.

ವೈರಸ್ ವಿರುದ್ಧದ ಮಾತ್ರೆ, ಅಸೈಕ್ಲೋವಿರ್ ಮತ್ತು ಅದರ ದಾಯಾದಿಗಳು, ಗುಳ್ಳೆ ಕಂಡ 72 ಗಂಟೆಯೊಳಗೆ ಶುರುವಾಗಬೇಕು. ಗುಳ್ಳೆ ಬೇಗ ಒಣಗುತ್ತದೆ, ಆಗಿನ ನೋವು ಬೇಗ ಇಳಿಯುತ್ತದೆ. ಮುಂದಿನ ಉರಿ ಬರುವುದೇ ಇಲ್ಲ ಅಂತ ಭರವಸೆ ಕೊಡಲಾಗದು. ಅದನ್ನು ತಡೆಯಲು ಒಳ್ಳೆಯ ದಾರಿ ಸರ್ಪಸುತ್ತೇ ಬಾರದಂತೆ 50 ದಾಟಿದವರಿಗೆ ಕೊಡುವ ಎರಡು ಡೋಸಿನ ಲಸಿಕೆ. ಅದು 2023ರಿಂದ ನಮ್ಮ ದೇಶದಲ್ಲೂ ಸಿಗುತ್ತಿದೆ. ಬೆಲೆ ಮಾತ್ರ ಜಾಸ್ತಿ. ಸುಬ್ರಹ್ಮಣ್ಯಕ್ಕೆ ಹೋಗಿ ಪೂಜೆ ಮಾಡಿಸುವುದಾದರೆ ಮಾಡಿಸಿ, ಯಾರೂ ಬೇಡ ಅನ್ನಲ್ಲ. ಮೊದಲು ಮಾತ್ರೆ ಶುರು ಮಾಡಿ. ಹಣೆಯಲ್ಲೋ ಮೂಗಿನ ತುದಿಯಲ್ಲೋ ಗುಳ್ಳೆ ಎದ್ದರೆ ಆವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಮೂಗಿನ ತುದಿಗೂ ಕಣ್ಣಿಗೂ ಹೋಗುವುದು ಒಂದೇ ನರದ ಕವಲು.