ಕ್ಯಾಂಪ್ ಅನ್ನುವ ಊರುಗಳು

ಬೈಲಕುಪ್ಪೆಯಲ್ಲಿ ಬಸ್ ಇಳಿದು ಆಟೋ ಹತ್ತಿದರೆ ಮೊದಲ ಪ್ರಶ್ನೆ: ‘ಯಾವ ಕ್ಯಾಂಪು?’ ಒಂದನೇ ಕ್ಯಾಂಪು, ಎರಡನೇ ಕ್ಯಾಂಪು, ನಾಲ್ಕನೇ ಕ್ಯಾಂಪು. ಉತ್ತರ ಕನ್ನಡದ ಮುಂಡಗೋಡಕ್ಕೆ ಹೋದರೂ ಇದೇ ಲೆಕ್ಕ. ರಾಯಚೂರು ಜಿಲ್ಲೆಯ ಸಿಂಧನೂರಿನಲ್ಲಿ ‘ಆರ್.ಎಚ್. ಕ್ಯಾಂಪ್’ (ರಿಹ್ಯಾಬಿಲಿಟೇಶನ್, ಅಂದರೆ ಪುನರ್ವಸತಿ ಕ್ಯಾಂಪ್) ಅಂತ ಕೇಳಿದರೆ ಯಾರಾದರೂ ದಾರಿ ತೋರಿಸುತ್ತಾರೆ. ಮೊದಲೆರಡು ಕಡೆ ಇರುವವರು ಟಿಬೆಟಿಯನ್ನರು, ಸಿಂಧನೂರಿನಲ್ಲಿ ಇರುವವರು ಬಂಗಾಳಿಗಳು. ಕ್ಯಾಂಪ್ ಅಂದರೆ ಡೇರೆ ಹಾಕಿ ನಾಲ್ಕು ದಿನ ಇದ್ದು ಹೋಗುವ ಜಾಗ ಅಲ್ವಾ? ಈ ಕ್ಯಾಂಪುಗಳಿಗೆ ಐವತ್ತು, ಅರವತ್ತು ವರ್ಷ ಆಗಿಹೋಗಿದೆ. ಅಲ್ಲಿ ಹುಟ್ಟಿದವರು ಅಜ್ಜ, ಅಜ್ಜಿ ಆಗಿದ್ದಾರೆ. ಹೆಸರು ಮಾತ್ರ ಹಾಗೇ ಉಳಿದಿದೆ.

ಶುರುವಾದದ್ದು 1959ರಲ್ಲಿ. ಆ ವರ್ಷ ಮಾರ್ಚ್ ಕೊನೆಯಲ್ಲಿ ಟಿಬೆಟಿಯನ್ನರ ಧರ್ಮಗುರು ದಲೈ ಲಾಮಾ ಚೀನಾದ ಹಿಡಿತದಿಂದ ತಪ್ಪಿಸಿಕೊಂಡು ಗಡಿ ದಾಟಿ ಭಾರತಕ್ಕೆ ಬಂದರು. ಅವರ ಹಿಂದೆಯೇ ಸುಮಾರು 80,000 ಜನ ಬಂದರು. ಬಂದವರಲ್ಲಿ ತುಂಬಾ ಜನಕ್ಕೆ ಸಿಕ್ಕಿದ್ದು ಹಿಮಾಲಯದ ರಸ್ತೆಗಳಲ್ಲಿ ಕಲ್ಲು ಒಡೆಯುವ ಕೂಲಿ. ಅದು ಎಷ್ಟು ದಿನ ನಡೆದೀತು? ಪ್ರಧಾನಿ ನೆಹರೂ ರಾಜ್ಯಗಳಿಗೆ ಪತ್ರ ಬರೆದು ಜಾಗ ಕೇಳಿದರು. ಆಗಿನ ಮೈಸೂರು ರಾಜ್ಯ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆ ಹತ್ತಿರ ಸುಮಾರು 3,000 ಎಕರೆ ಕೊಟ್ಟಿತು. 1960ರ ಕೊನೆಗೆ ಮೊದಲ ತಂಡ ಬಂದಿಳಿಯಿತು.

ಕೊಟ್ಟಿದ್ದು ಊರಲ್ಲ, ಕಾಡು. ಮರ ಕಡಿದು, ಬೇರು ಸುಟ್ಟು ಹೊಲ ಮಾಡಬೇಕಿತ್ತು. ರಾತ್ರಿ ಆನೆ ಬರುತ್ತಿತ್ತು. ಹಿಮದ ನಾಡಿನವರಿಗೆ ಇಲ್ಲಿನ ಸೆಕೆ, ಮಳೆ, ಸೊಳ್ಳೆ ಯಾವುದೂ ಒಗ್ಗಲಿಲ್ಲ. ಮೊದಲ ವರ್ಷಗಳಲ್ಲಿ ಕಾಯಿಲೆಗೆ ಬಹಳ ಜನ ತೀರಿಕೊಂಡರು. ನಾವು ಇದನ್ನು ‘ನಮ್ಮ ರಾಜ್ಯದ ಔದಾರ್ಯ’ ಎಂದು ಹೇಳಿಕೊಳ್ಳುವಾಗ ಈ ಭಾಗವನ್ನು ಸಾಮಾನ್ಯವಾಗಿ ಹಾರಿಸಿಬಿಡುತ್ತೇವೆ.

1960ರಲ್ಲಿ ಮುಖ್ಯಮಂತ್ರಿ ಆಗಿದ್ದವರು ಬಿ.ಡಿ. ಜತ್ತಿ. ಆದರೆ ಟಿಬೆಟಿಯನ್ನರು ಜಾಸ್ತಿ ನೆನೆಯುವ ಹೆಸರು ಎಸ್. ನಿಜಲಿಂಗಪ್ಪನವರದು. 1966ರಲ್ಲಿ ಮುಂಡಗೋಡದ ವಸತಿ ಶುರುವಾದಾಗ ಅವರೇ ಮುಖ್ಯಮಂತ್ರಿ. ಆಮೇಲೆ ಬೈಲಕುಪ್ಪೆಯಲ್ಲೇ ಇನ್ನೊಂದು, ಹುಣಸೂರು ಕಡೆಯ ಗುರುಪುರದಲ್ಲಿ ಒಂದು, ಕೊಳ್ಳೇಗಾಲ ಕಡೆಯ ಒಡೆಯರಪಾಳ್ಯದಲ್ಲಿ ಮತ್ತೊಂದು ವಸತಿ ಬಂತು. ಚೀನಾ ಹಾಳುಗೆಡವಿದ ದೊಡ್ಡ ಮಠಗಳು ಇಲ್ಲಿ ಮತ್ತೆ ಎದ್ದು ನಿಂತವು: ಸೆರಾ ಬೈಲಕುಪ್ಪೆಯಲ್ಲಿ, ಡ್ರೆಪುಂಗ್ ಮತ್ತು ಗಾಂದೆನ್ ಮುಂಡಗೋಡದಲ್ಲಿ.

ಸುತ್ತಲಿನ ಹಳ್ಳಿಗಳ ಜೊತೆ ಇವರಿಗೆ ಹೊಂದಿಕೆ ಹೇಗೆ ಆಯಿತು? ‘ಅತಿಥಿ ದೇವೋ ಭವ’ ಅನ್ನುವುದು ಸುಲಭದ ಉತ್ತರ. ನನಗೆ ಅದರಲ್ಲಿ ಅಷ್ಟು ನಂಬಿಕೆ ಇಲ್ಲ. ಕಾರಣ ಸಂತೆಯಲ್ಲಿದೆ, ಹೊಲದಲ್ಲಿದೆ. ಟಿಬೆಟಿಯನ್ನರು ಬೆಳೆದ ಮುಸುಕಿನ ಜೋಳ ಇಲ್ಲಿನ ಮಾರುಕಟ್ಟೆಗೇ ಬರಬೇಕಿತ್ತು. ಬಿತ್ತನೆಗೆ, ಕೊಯ್ಲಿಗೆ ಸುತ್ತಲಿನ ಹಳ್ಳಿಯ ಕೂಲಿಯವರು ಬೇಕಿತ್ತು. ಚಳಿಗಾಲದಲ್ಲಿ ಊರೂರಿಗೆ ಹೋಗಿ ಸ್ವೆಟರ್ ಮಾರಲು ಭಾಷೆ ಬೇಕಿತ್ತು. ಹುಬ್ಬಳ್ಳಿಯ, ಬೆಂಗಳೂರಿನ ಫುಟ್‌ಪಾತಿನಲ್ಲಿ ಅವರ ಹತ್ತಿರ ಚೌಕಾಸಿ ಮಾಡಿ ಸ್ವೆಟರ್ ಕೊಂಡ ನಮ್ಮ ತಾಯಂದಿರಿಗೆ ಟಿಬೆಟ್ ಎಲ್ಲಿದೆ ಅಂತ ಗೊತ್ತಿರಲಿಲ್ಲ. ಆದರೆ ಆ ಹೆಂಗಸು ಹೋದ ವರ್ಷವೂ ಇಲ್ಲೇ ಕೂತಿದ್ದಳು ಅನ್ನುವುದು ಗೊತ್ತಿತ್ತು. ಅಷ್ಟು ಪರಿಚಯ ಸಾಕು. ಪರಿಚಯ ಇದ್ದವರ ಬಗ್ಗೆ ಸುಳ್ಳು ಹೇಳುವುದು ಕಷ್ಟ.

ಇನ್ನೊಂದು ಸಂಗತಿ ಹೆಚ್ಚಿನವರಿಗೆ ಗೊತ್ತಿಲ್ಲ. ಟಿಬೆಟಿಯನ್ನರಿಗೆ ನೆಲೆ ಕಲ್ಪಿಸಲು ಸರ್ಕಾರಕ್ಕೆ ನೆರವಾಗಲೆಂದು 1968ರಲ್ಲಿ ಒಂದು ಸಂಸ್ಥೆ ಹುಟ್ಟಿತು. ಅದೇ ಮೈರಾಡ. ಹೆಸರಿನಲ್ಲೇ ಇದೆ: ಮೈಸೂರು ರೀಸೆಟಲ್‌ಮೆಂಟ್ ಅಂಡ್ ಡೆವಲಪ್‌ಮೆಂಟ್ ಏಜೆನ್ಸಿ. ಟಿಬೆಟಿಯನ್ನರ ಕೆಲಸ ಒಂದು ಹಂತಕ್ಕೆ ಬಂದ ಮೇಲೆ ಮೈರಾಡ ನಮ್ಮ ಹಳ್ಳಿಗಳ ಬಡವರ ಕಡೆ ತಿರುಗಿತು. 1980ರ ದಶಕದಲ್ಲಿ ಅದು ಕಟ್ಟಿದ ಸಣ್ಣ ಸಾಲದ ಗುಂಪುಗಳು ಇವತ್ತಿನ ಸ್ವಸಹಾಯ ಸಂಘಗಳಿಗೆ ಒಂದು ಮಾದರಿ ಆದವು. ನಿಮ್ಮೂರಿನ ಸ್ತ್ರೀಶಕ್ತಿ ಸಂಘದ ವಾರದ ಉಳಿತಾಯದ ಪುಸ್ತಕಕ್ಕೂ ಬೈಲಕುಪ್ಪೆಯ ಕಾಡಿಗೂ ಹೀಗೊಂದು ದೂರದ ನಂಟು ಇದೆ.

ಹಾಗಂತ ಜಗಳವೇ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ‘ಅವರಿಗೆ ವಿದೇಶದಿಂದ ದುಡ್ಡು ಬರುತ್ತೆ, ನಮಗೆ ಯಾರು ಕೊಡ್ತಾರೆ?’ ಅನ್ನುವ ಮಾತು ಹಳೆಯದು. ಕೂಲಿ ಮಾಡುವ ಮನುಷ್ಯನ ಕಣ್ಣಿಗೆ ಪಕ್ಕದಲ್ಲಿ ಚಿನ್ನದ ಬಣ್ಣದ ಮಠ ಏಳುವುದು ಕಾಣುತ್ತದೆ. ಅಸಮಾಧಾನ ಸಹಜ. ಈ ಅಸಮಾಧಾನ ಎಲ್ಲಿಗೆ ಹೋಗಬಹುದು ಅನ್ನುವುದನ್ನು 1994ರಲ್ಲಿ ಹಿಮಾಚಲದ ಧರ್ಮಶಾಲೆ ನೋಡಿತು. ಒಂದು ಜಗಳದಲ್ಲಿ ಟಿಬೆಟಿಯನ್ ಯುವಕನಿಂದ ಸ್ಥಳೀಯ ಹುಡುಗನ ಕೊಲೆಯಾಯಿತು. ಗುಂಪು ಟಿಬೆಟಿಯನ್ನರ ಅಂಗಡಿಗಳ ಮೇಲೆ ಬಿತ್ತು. ದಲೈ ಲಾಮಾ ಊರು ಬಿಟ್ಟು ಹೋಗಲೂ ಸಿದ್ಧ ಎಂದರು. ಆಮೇಲೆ ಊರಿನವರೇ ಬೇಡ ಎಂದು ತಡೆದರು.

ಇನ್ನು ಬೇರೆಯವರು. ಸಿಂಧನೂರಿನ ಆರ್.ಎಚ್. ಕ್ಯಾಂಪುಗಳಿಗೆ ಬಂಗಾಳಿಗಳು ಬಂದದ್ದು 1970ರ ದಶಕದಲ್ಲಿ. ಪೂರ್ವ ಪಾಕಿಸ್ತಾನದಿಂದ, ಅಂದರೆ ಈಗಿನ ಬಾಂಗ್ಲಾದೇಶದಿಂದ, ಓಡಿಬಂದ ಹಿಂದೂ ಕುಟುಂಬಗಳು, ಹೆಚ್ಚಿನವರು ನಾಮಶೂದ್ರರು ಎಂಬ ದಲಿತ ಸಮುದಾಯದವರು. ತುಂಗಭದ್ರಾ ಕಾಲುವೆಯ ಸೀಮೆಯಲ್ಲಿ ಸರ್ಕಾರ ಜಮೀನು ಕೊಟ್ಟಿತು. ಭತ್ತ, ಮೀನು ಗೊತ್ತಿದ್ದ ಜನ, ನೀರಿದ್ದ ಕಡೆ ನೆಲೆ ನಿಂತರು. ಆ ಸೀಮೆಯಲ್ಲಿ ಕ್ಯಾಂಪ್ ಎಂಬುದು ಹೊಸ ಪದವೂ ಆಗಿರಲಿಲ್ಲ. ಅಣೆಕಟ್ಟು ಕಟ್ಟಿದ ಮೇಲೆ ಕರಾವಳಿ ಆಂಧ್ರದಿಂದ ಬಂದು ಜಮೀನು ಕೊಂಡ ರೈತರ ಊರುಗಳಿಗೂ ಅಲ್ಲಿ ಕ್ಯಾಂಪ್ ಎಂದೇ ಹೆಸರು. ದುಡ್ಡು ತಂದವನ ಊರೂ ಕ್ಯಾಂಪೇ, ಎಲ್ಲಾ ಕಳೆದುಕೊಂಡು ಬಂದವನ ಊರೂ ಕ್ಯಾಂಪೇ. ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳ ತಮಿಳರದ್ದು ಇನ್ನೊಂದು ಕತೆ. 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದಂತೆ ಶ್ರೀಲಂಕಾದ ಟೀ ತೋಟಗಳಿಂದ 5,25,000 ಜನರನ್ನು ಭಾರತ ವಾಪಸ್ ಕರೆಸಿಕೊಳ್ಳಬೇಕಿತ್ತು. ಅವರಲ್ಲಿ ಕೆಲವರಿಗೆ ನಮ್ಮ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟದಲ್ಲಿ ಕೆಲಸ ಸಿಕ್ಕಿತು. ಕಾಗದದ ಪ್ರಕಾರ ಅವರು ನಿರಾಶ್ರಿತರೇ ಅಲ್ಲ, ‘ಮರಳಿ ಬಂದವರು’. ಇವರಲ್ಲಿ ಹಲವರು ಹುಟ್ಟಿದ್ದೇ ಲಂಕೆಯಲ್ಲಿ, ಭಾರತವನ್ನು ಮೊದಲು ನೋಡಿದ್ದೇ ಹಡಗು ಇಳಿದಾಗ. ಅವರಿಗೆ ಆ ಪದ ಹೇಗೆ ಕೇಳಿಸಿತೋ.

ಇಲ್ಲಿ ಕಾನೂನಿನ ಒಂದು ಮಾತು ಹೇಳಲೇಬೇಕು. 1951ರ ವಿಶ್ವಸಂಸ್ಥೆಯ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದೇ ಒಂದು ಕಾನೂನನ್ನೂ ನಾವು ಮಾಡಿಕೊಂಡಿಲ್ಲ. ಹಾಗಾಗಿ ಬಂದವರಿಗೆ ಏನು ಸಿಗುತ್ತದೆ ಅನ್ನುವುದು ಯಾರು, ಯಾವಾಗ, ಎಲ್ಲಿಂದ ಬಂದರು ಎಂಬುದರ ಮೇಲೆ ನಿಂತಿದೆ. ಟಿಬೆಟಿಯನ್ನರಿಗೆ ಆರ್.ಸಿ. ಅನ್ನುವ ನೋಂದಣಿ ಪತ್ರ ಇದೆ, ಅದನ್ನು ಆಗಾಗ ನವೀಕರಿಸಬೇಕು. ಜಮೀನು ಅವರದಲ್ಲ, ಗುತ್ತಿಗೆಯದ್ದು. 2019ರ ಪೌರತ್ವ ತಿದ್ದುಪಡಿ ಕಾಯ್ದೆಯ ಬಾಗಿಲು ಸಿಂಧನೂರಿನ ಬಂಗಾಳಿ ಹಿಂದೂಗಳಿಗೆ ತೆರೆಯಿತು. ಟಿಬೆಟಿಯನ್ನರಿಗೆ, ಲಂಕೆಯಿಂದ ನಿರಾಶ್ರಿತರಾಗಿ ಬಂದ ತಮಿಳರಿಗೆ ಅದರಲ್ಲಿ ಜಾಗ ಇಲ್ಲ. ಮ್ಯಾನ್ಮಾರಿನಿಂದ ಓಡಿಬಂದು ಬೆಂಗಳೂರಿನ ಹೊರವಲಯದಲ್ಲಿ ಕಸ ಆಯ್ದು ಬದುಕುವ ರೋಹಿಂಗ್ಯಾ ಮುಸ್ಲಿಂ ಕುಟುಂಬಗಳಿಗೆ ಜಮೀನಿನ ಮಾತು ಬಿಡಿ, ಕ್ಯಾಂಪ್ ಎಂಬ ಹೆಸರಿನ ಒಂದು ಊರೂ ಇಲ್ಲ.

ಈಗ 2012ಕ್ಕೆ ಬರೋಣ. ಆ ವರ್ಷ ಜುಲೈನಲ್ಲಿ ಅಸ್ಸಾಮಿನ ಕೊಕ್ರಝಾರ್ ಸುತ್ತ ಬೋಡೊ ಬುಡಕಟ್ಟಿನವರು ಮತ್ತು ಬಂಗಾಳಿ ಮಾತಾಡುವ ಮುಸ್ಲಿಮರ ನಡುವೆ ಹಿಂಸೆ ನಡೆಯಿತು. ಅದೇ ಹೊತ್ತಿಗೆ ಮ್ಯಾನ್ಮಾರಿನಲ್ಲಿ ರೋಹಿಂಗ್ಯಾಗಳ ಮೇಲೆ ದಾಳಿ ನಡೆದಿತ್ತು. ಆ ದಾಳಿಯದ್ದು ಎಂದು ಒಂದು ಫೋಟೊ ಎಲ್ಲ ಕಡೆ ಓಡಾಡಿತು. ಸಾಲು ಸಾಲು ಹೆಣಗಳು, ನಡುವೆ ಕಾವಿ ಬಟ್ಟೆಯ ಬೌದ್ಧ ಭಿಕ್ಷುಗಳು. ನಿಜಕ್ಕೂ ಅದು 2010ರಲ್ಲಿ ಟಿಬೆಟಿಯನ್ ಸೀಮೆಯ ಯೂಶು ಎಂಬಲ್ಲಿ ಭೂಕಂಪ ಆದಾಗ ತೆಗೆದದ್ದು. ಆ ಭಿಕ್ಷುಗಳು ಕೊಂದವರಲ್ಲ, ಸತ್ತವರ ಸಂಸ್ಕಾರಕ್ಕೆ ಬಂದವರು. ಇಂಥ ಚಿತ್ರಗಳಿಂದ ಸಿಟ್ಟು ಏರಿತು. ಆಗಸ್ಟ್ 11ರಂದು ಮುಂಬೈನ ಆಜಾದ್ ಮೈದಾನದ ಪ್ರತಿಭಟನೆ ಗಲಭೆಯಾಯಿತು. ಆಮೇಲೆ ಗಾಳಿಸುದ್ದಿ ದಕ್ಷಿಣಕ್ಕೆ ಇಳಿಯಿತು: ರಂಜಾನ್ ಮುಗಿದ ಮೇಲೆ ಈಶಾನ್ಯದವರನ್ನು ಹುಡುಕಿ ಹೊಡೆಯುತ್ತಾರಂತೆ, ಊರು ಬಿಡಿ.

ಆಗಸ್ಟ್ 14ರಂದು ಮೈಸೂರಿನಲ್ಲಿ ಒಬ್ಬ ಯುವಕನಿಗೆ ಚೂರಿ ಹಾಕಿದರು. ಈಶಾನ್ಯದವನು ಎಂದುಕೊಂಡು ಹಾಕಿದರು ಎಂದು ಎಲ್ಲರೂ ಅಂದರು. ಅವನು ಟಿಬೆಟಿಯನ್ ವಿದ್ಯಾರ್ಥಿ. ಟಿಬೆಟಿಯನ್ ಭಿಕ್ಷುಗಳ ಫೋಟೊದ ಸುಳ್ಳು ಎಲ್ಲೆಲ್ಲೋ ಸುತ್ತಾಡಿ ಬಂದು, ಕೊನೆಗೆ ಬೈಲಕುಪ್ಪೆ ಇರುವ ಜಿಲ್ಲೆಯಲ್ಲೇ ಒಬ್ಬ ಟಿಬೆಟಿಯನ್ನನ ಮೈಗೆ ತಾಗಿತು.

ಮಾರನೇ ದಿನ ಸ್ವಾತಂತ್ರ್ಯ ದಿನ. ಆ ರಾತ್ರಿ ಬೆಂಗಳೂರು ರೈಲು ನಿಲ್ದಾಣದಲ್ಲಿ ಕಾಲಿಡಲು ಜಾಗ ಇರಲಿಲ್ಲ. ಸೆಕ್ಯುರಿಟಿ ಗಾರ್ಡುಗಳು, ಹೋಟೆಲ್ ಹುಡುಗರು, ಬ್ಯೂಟಿ ಪಾರ್ಲರಿನ ಹುಡುಗಿಯರು, ಕಾಲೇಜಿನವರು ಗುವಾಹಟಿ ಕಡೆಗೆ ಹೊರಟರು. ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಮೂರ್ನಾಲ್ಕು ದಿನದಲ್ಲಿ ಸುಮಾರು 30,000 ಜನ ಹೋದರು. ಗೃಹ ಸಚಿವರಾಗಿದ್ದ ಆರ್. ಅಶೋಕ್ ನಿಲ್ದಾಣಕ್ಕೇ ಹೋಗಿ ‘ಹೋಗಬೇಡಿ’ ಎಂದು ಕೇಳಿಕೊಂಡರು. ಮುಸ್ಲಿಂ ಸಂಘಟನೆಗಳವರೂ ಅಲ್ಲಿಗೆ ಹೋಗಿ ಧೈರ್ಯ ಹೇಳಿದರು. ಅಷ್ಟರಲ್ಲಿ ತಡವಾಗಿತ್ತು. ನಗರದಲ್ಲಿ ಮೆಸೇಜಿನಲ್ಲಿ ಹೇಳಿದಂಥ ಹತ್ಯೆ ಯಾವುದೂ ನಡೆದಿರಲಿಲ್ಲ. ಆದರೆ ‘ನಡೆದಿಲ್ಲ, ಇರಿ’ ಎಂದು ಹೇಳಲು ಅವರ ಪಕ್ಕದಲ್ಲಿ ನಂಬಿಕೆಯವರು ಯಾರಿದ್ದರು? ಎಂಟು ಜನ ಒಂದು ರೂಮು, ಹನ್ನೆರಡು ಗಂಟೆ ಡ್ಯೂಟಿ, ಏಜೆನ್ಸಿ ಹೇಳಿದ ಕಡೆ ಕೆಲಸ. ಪಕ್ಕದ ಮನೆಯವರಿಗೆ ಅವರ ಹೆಸರು ಗೊತ್ತಿಲ್ಲ, ಅವರಿಗೂ ಪಕ್ಕದ ಮನೆಯವರ ಹೆಸರು ಗೊತ್ತಿಲ್ಲ. ಸ್ವೆಟರ್ ಮಾರುವ ಹೆಂಗಸಿಗೆ ಇದ್ದ ಗಿರಾಕಿಗಳಷ್ಟೂ ಪರಿಚಯ ಅವರಿಗೆ ಈ ಊರಿನಲ್ಲಿ ಇರಲಿಲ್ಲ. ಮೊಬೈಲ್ ಒಂದೇ ಅವರಿಗೆ ಊರು, ಅದರಲ್ಲಿ ಬಂದ ಸುದ್ದಿಯೇ ಸುದ್ದಿ.

ಸರ್ಕಾರ ಮಾಡಿದ್ದೇನು? ಒಂದು ಸಲಕ್ಕೆ ಐದಕ್ಕಿಂತ ಜಾಸ್ತಿ ಎಸ್ಸೆಮ್ಮೆಸ್ ಕಳಿಸದಂತೆ ಹದಿನೈದು ದಿನ ಕಡಿವಾಣ ಹಾಕಿತು. ಆರು ವರ್ಷ ಕಳೆದವು. 2018ರ ಮೇ ತಿಂಗಳಲ್ಲಿ ಮಕ್ಕಳ ಕಳ್ಳ ಎಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಒಬ್ಬ ಯುವಕನನ್ನು ಗುಂಪು ಹೊಡೆದು ಕೊಂದಿತು. ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ತಪ್ಪಿಗೆ ಹೈದರಾಬಾದಿನ ಎಂಜಿನಿಯರ್ ಒಬ್ಬರು ಸತ್ತರು. ಆಗ ವಾಟ್ಸ್ಆ್ಯಪ್ ಒಂದು ಮಿತಿ ತಂದಿತು. ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಫಾರ್ವರ್ಡ್. ಮತ್ತೆ ಅದೇ ಐದು. ಕಾಯಿಲೆಗೆ ಮದ್ದು ಹುಡುಕುವಾಗ ನಮಗೆ ಪ್ರತಿ ಸಲ ಹೊಳೆಯುವುದು ಮಾತ್ರೆಯ ಎಣಿಕೆ ಒಂದೇ.

ಕಾನೂನು ಇಲ್ಲ ಅಂತಲ್ಲ. ಗುಂಪುಗಳ ನಡುವೆ ಹಗೆ ಬಿತ್ತುವುದಕ್ಕೆ ಹಿಂದೆ ಐಪಿಸಿ 153ಎ ಇತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಂ ಇದೆ. ದ್ವೇಷ ಭಾಷಣದ ವಿರುದ್ಧ ಯಾರೂ ದೂರು ಕೊಡದಿದ್ದರೂ ಪೊಲೀಸರೇ ಕೇಸು ಹಾಕಬೇಕು ಎಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿದೆ. ಆದರೆ ಕೇಸು ಬರುವುದು ಮಾತು ಆಡಿದ ಮೇಲೆ. ಅದಕ್ಕೆ ಮೊದಲು ಬೀದಿಯಲ್ಲಿ ಯಾರು ಬಾಯಿ ತೆರೆಯುತ್ತಾರೆ ಅನ್ನುವುದೇ ಮುಖ್ಯ. ಮನೆ ಮಾಲೀಕ, ಕೆಲಸ ಕೊಟ್ಟವನು, ಮೂಲೆ ಅಂಗಡಿಯವನು, ಶಾಲೆಯ ಟೀಚರು, ಬೀಟ್ ಪೊಲೀಸ್. ಇವರಲ್ಲಿ ಒಬ್ಬರಿಗೆ ಬಂದವನ ಹೆಸರು ಗೊತ್ತಿದ್ದರೆ ಗಾಳಿಸುದ್ದಿ ಆ ಬಾಗಿಲಲ್ಲಿ ನಿಲ್ಲುತ್ತದೆ. ಇದು ಮಾಡಲು ಆಗದ ಕೆಲಸ ಏನಲ್ಲ. ಕನ್ನಡ ಕಲಿಸುವ ಸಂಜೆ ತರಗತಿ, ಪಡಿತರದ ಅಂಗಡಿಯ ಸಾಲು, ಅಂಗನವಾಡಿ, ಗಣೇಶನ ಚಂದಾ, ಊರ ಕ್ರಿಕೆಟ್. ಸುಮ್ನೆ ಪರಿಚಯ ಆಗಲು ಇಷ್ಟು ನೆಪ ಸಾಕು. ಬೈಲಕುಪ್ಪೆಯಲ್ಲಿ ಇದಕ್ಕೆ ಎರಡು ತಲೆಮಾರು ಹಿಡಿಯಿತು, ಜಮೀನೂ ಇತ್ತು. ನಗರದ ಬಾಡಿಗೆ ರೂಮಿಗೆ ಹನ್ನೊಂದು ತಿಂಗಳ ಅಗ್ರಿಮೆಂಟು.

ಆ ಪರಿಚಯ ಇಲ್ಲದ ಕಡೆ ಏನಾಗುತ್ತದೆ ಅನ್ನುವುದಕ್ಕೆ 2020ರ ಜನವರಿಯ ಕರಿಯಮ್ಮನ ಅಗ್ರಹಾರ ಸಾಕ್ಷಿ. ಬೆಂಗಳೂರಿನ ಬೆಳ್ಳಂದೂರಿನ ಹತ್ತಿರದ ಈ ಗುಡಿಸಲುಗಳಲ್ಲಿ ಅಕ್ರಮ ಬಾಂಗ್ಲಾದೇಶಿಗಳಿದ್ದಾರೆ ಎಂದು ಒಂದು ವಿಡಿಯೊ ಹರಿದಾಡಿತು. ಶಾಸಕರೊಬ್ಬರು ಅದನ್ನು ಹಂಚಿಕೊಂಡರು. ಕೆಲವೇ ದಿನದಲ್ಲಿ ಜೆಸಿಬಿ ಬಂತು. ಬೀದಿಗೆ ಬಿದ್ದವರು ತಮ್ಮ ಕಾರ್ಡುಗಳನ್ನು ಹಿಡಿದು ಕ್ಯಾಮೆರಾ ಮುಂದೆ ನಿಂತರು. ಅವರಲ್ಲಿ ಅಸ್ಸಾಂ, ತ್ರಿಪುರಾದವರಿದ್ದರು. ನಮ್ಮ ಉತ್ತರ ಕರ್ನಾಟಕದವರೂ ಇದ್ದರು. ವಿಷಯ ಹೈಕೋರ್ಟಿಗೆ ಹೋಯಿತು, ಪೊಲೀಸರ ನಡೆಯನ್ನು ಕೋರ್ಟು ತರಾಟೆಗೆ ತೆಗೆದುಕೊಂಡಿತು.

ಸಿಂಧನೂರಿನ ಆರ್.ಎಚ್. ಕ್ಯಾಂಪಿನ ಮೂರನೇ ತಲೆಮಾರಿನ ಹುಡುಗನೊಬ್ಬ ಕೆಲಸ ಹುಡುಕಿ ಬೆಂಗಳೂರಿಗೆ ಬಂದ ಎಂದುಕೊಳ್ಳಿ. ಮನೆಯಲ್ಲಿ ಬಂಗಾಳಿ, ಹೊರಗೆ ರಾಯಚೂರು ಕನ್ನಡ. ಹೆಸರಿನ ಕೊನೆಗೆ ಮಂಡಲ್ ಅಂತಲೋ ಬಿಸ್ವಾಸ್ ಅಂತಲೋ ಇರುತ್ತದೆ. ಬಾಡಿಗೆ ಮನೆಯ ಮಾಲೀಕರು ‘ಯಾವೂರು?’ ಅನ್ನುತ್ತಾರೆ. ‘ಸಿಂಧನೂರ್ರೀ’ ಅನ್ನುತ್ತಾನೆ. ಹೆಸರು ಕೇಳಿದ ಮೇಲೆ ಅವರು ಒಂದು ಕ್ಷಣ ಸುಮ್ಮನಾಗುತ್ತಾರೆ. ಮುಂದಿನ ಪ್ರಶ್ನೆ ಏನು ಅಂತ ಅವನಿಗೆ ಗೊತ್ತು. ಆಧಾರ್ ಕಾರ್ಡನ್ನು ಆಗಲೇ ಜೇಬಿನಿಂದ ತೆಗೆದು ಕೈಯಲ್ಲಿ ಹಿಡಿದಿರುತ್ತಾನೆ.