ಮೊಲೊಕಾಯ್‌ನ ಪಾದ್ರಿ ಮತ್ತು ನೂರು ವರ್ಷ ಬಾಳಿದ ಒಂದು ಕಾನೂನು

ಫಾದರ್ ಡೇಮಿಯನ್ ಬೆಲ್ಜಿಯಂನಿಂದ ಹವಾಯಿಗೆ ಹೋದರು, ಕುಷ್ಠರೋಗಿಗಳ ಸೇವೆ ಮಾಡಿದರು, ಅದೇ ರೋಗ ಬಂದು ತೀರಿಕೊಂಡರು. ನಾವೆಲ್ಲ ಕೇಳಿರುವುದು ಇಷ್ಟೇ ಅಲ್ವಾ? ಆ ರೋಗಿಗಳು ಅಲ್ಲಿಗೆ ಬಂದದ್ದು ಹೇಗೆ ಎಂದು ಕೇಳುವವರು ಕಡಿಮೆ.

ಹವಾಯಿ ಆಗ ರಾಜರ ಆಳ್ವಿಕೆಯ ಸ್ವತಂತ್ರ ದೇಶ. ಹಡಗುಗಳ ಜೊತೆ ಬಂದ ರೋಗಗಳಿಗೆ ಊರೂರೇ ಬರಿದಾಗುತ್ತಿತ್ತು. ಆ ಭಯದಲ್ಲೇ 1865ರಲ್ಲಿ ಕುಷ್ಠ ಬಂದವರನ್ನು ಬೇರೆ ಇಡುವ ಕಾನೂನು ಬಂತು. ಮರುವರ್ಷ ಜನವರಿಯಲ್ಲಿ ಮೊದಲ ತಂಡವನ್ನು ಮೊಲೊಕಾಯ್ ದ್ವೀಪದ ಕಲೌಪಾಪಾದಲ್ಲಿ ಇಳಿಸಿದರು. ಮೂರು ಕಡೆ ಕಡಲು, ಬೆನ್ನಿಗೆ ಗೋಡೆಯಂಥ ಬೆಟ್ಟ. ಬೇಸಾಯ ಮಾಡಿಕೊಂಡು ಬದುಕಲಿ ಎಂಬುದು ಲೆಕ್ಕಾಚಾರ. ಬೆರಳಿಲ್ಲದ ಕೈ ಗುದ್ದಲಿ ಹಿಡಿಯುವುದು ಹೇಗೆ? ಗಂಡನನ್ನೋ ಹೆಂಡತಿಯನ್ನೋ ಬಿಟ್ಟಿರಲಾರದೆ, ರೋಗವಿಲ್ಲದಿದ್ದರೂ ಜೊತೆಗೆ ಬಂದವರಿದ್ದರು. ಅವರನ್ನು ಅಲ್ಲಿ 'ಕೋಕುವಾ' ಎನ್ನುತ್ತಿದ್ದರು. ಡೇಮಿಯನ್‌ಗಿಂತ ಮೊದಲೇ ಅಲ್ಲಿ ಸೇವೆ ಮಾಡಿದವರು ಇವರು.

ಡೇಮಿಯನ್ ಹುಟ್ಟಿದ್ದು 1840ರಲ್ಲಿ, ಟ್ರೆಮೆಲೊ ಎಂಬ ಹಳ್ಳಿಯಲ್ಲಿ. ಹವಾಯಿಗೆ ಹೊರಡಬೇಕಿದ್ದವರು ಪಾದ್ರಿಯಾಗಿದ್ದ ಅವರ ಅಣ್ಣ. ಅಣ್ಣ ಕಾಯಿಲೆ ಬಿದ್ದಾಗ ತಮ್ಮ ಹಡಗು ಹತ್ತಿದರು. 1864ರಲ್ಲಿ ಹೊನೊಲುಲುವಿನಲ್ಲಿ ಗುರುದೀಕ್ಷೆ ಆಯಿತು. ಕಲೌಪಾಪಾಕ್ಕೆ ಪಾದ್ರಿಗಳು ಸರದಿಯ ಮೇಲೆ ಹೋಗಿಬರುವುದೆಂದು ಮಾತಾಗಿತ್ತು. 1873ರ ಮೇ 10ರಂದು ಮೊದಲ ಸರದಿಗೆ ಹೋದ ಡೇಮಿಯನ್ ಅಲ್ಲೇ ಉಳಿದರು.

ಅವರು ಮನೆ ಕಟ್ಟಿದರು, ಕೊಳವೆ ಹಾಕಿ ನೀರು ತಂದರು, ಶವಪೆಟ್ಟಿಗೆ ಮಾಡಿದರು, ಗುಂಡಿ ತೋಡಿದರು. ಹುಣ್ಣು ತೊಳೆದರು. ರೋಗಿಗಳ ಜೊತೆ ಒಂದೇ ಪಾತ್ರೆಯಲ್ಲಿ ಕೈ ಹಾಕಿ ಊಟ ಮಾಡಿದರು. 'ನಾವು ಕುಷ್ಠರೋಗಿಗಳು' ಎಂಬ ಅವರ ಮಾತನ್ನು ರೋಗ ಬಂದ ಮೇಲಿನದು ಎಂದೇ ಜಾಸ್ತಿ ಜನ ಹೇಳುತ್ತಾರೆ. ಹಾಗಲ್ಲ. ಬಂದ ವರ್ಷವೇ ಅಣ್ಣನಿಗೆ ಬರೆದ ಕಾಗದದಲ್ಲಿ ಅದಿದೆ. ರೋಗ ಗೊತ್ತಾಗಿದ್ದು 1884ರ ಕೊನೆಗೆ. ಕಾಲಿಗೆ ಕುದಿನೀರು ಬಿದ್ದರೂ ನೋವೇ ಆಗಲಿಲ್ಲ. 1889ರ ಏಪ್ರಿಲ್ 15ರಂದು ತೀರಿಕೊಂಡಾಗ ಅವರಿಗೆ 49 ವರ್ಷ.

ಡೇಮಿಯನ್ ಕಲೌಪಾಪಾಕ್ಕೆ ಬಂದ ವರ್ಷವೇ ನಾರ್ವೆಯಲ್ಲಿ ಹ್ಯಾನ್ಸನ್ ಎಂಬ ವೈದ್ಯರು ಈ ರೋಗಾಣುವನ್ನು ಕಂಡುಹಿಡಿದಿದ್ದರು. ಹೆಚ್ಚಿನವರ ದೇಹ ಇದನ್ನು ತಾನಾಗಿಯೇ ತಡೆದುಕೊಳ್ಳುತ್ತದೆ ಎಂಬುದು ಈಗ ಗೊತ್ತಿರುವ ವಿಷಯ. 1940ರ ದಶಕದಲ್ಲಿ ಔಷಧ ಕಲೌಪಾಪಾಕ್ಕೂ ಬಂತು. ಕಾನೂನು ಮಾತ್ರ 1969ರವರೆಗೆ ಹೋಗಲಿಲ್ಲ. ಅಲ್ಲಿ ಹುಟ್ಟಿದ ಮಕ್ಕಳನ್ನು ತಾಯಿಯ ಮಡಿಲಿಂದ ದೂರ ಕಳಿಸುತ್ತಿದ್ದ ಕಾಲ ಅದು. ಬಾಗಿಲು ತೆರೆದಾಗ ಎಷ್ಟೋ ಜನ ಹೊರಡಲಿಲ್ಲ. ಅಷ್ಟೊತ್ತಿಗೆ ಅದೇ ಅವರ ಊರಾಗಿತ್ತು.

2009ರ ಅಕ್ಟೋಬರ್‌ನಲ್ಲಿ ಡೇಮಿಯನ್‌ಗೆ ಸಂತ ಪದವಿ ಸಿಕ್ಕಿತು. ಕಲೌಪಾಪಾಕ್ಕೆ ಕಳಿಸಲ್ಪಟ್ಟವರು ಸುಮಾರು 8,000 ಜನ. ಅವರಲ್ಲಿ ಹೆಚ್ಚಿನವರ ಸಮಾಧಿಯ ಮೇಲೆ ಹೆಸರಿಲ್ಲ. ಆ ಹೆಸರುಗಳನ್ನು ಕೆತ್ತುವ ಸ್ಮಾರಕಕ್ಕೆ ಅಮೆರಿಕ ಸರ್ಕಾರ ಕಾನೂನಿನ ಒಪ್ಪಿಗೆ ಕೊಟ್ಟಿದ್ದೂ ಅದೇ 2009ರಲ್ಲಿ.